ಪದೇ ಪದೇ ನಿಲ್ಲುವ ಪಿಕಪ್: ಒಂದು ದುರಸ್ತಿ ಖಾತೆಯ ಪರಿಶೀಲನೆ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಬಹುತೇಕರ ಬಳಿ ಹತ್ತು, ಹದಿನೈದು ವರ್ಷ ದುಡಿದ ಒಂದಾದರೂ ಸರಕು ವಾಹನವಿರುತ್ತದೆ. ಪುಸ್ತಕದಲ್ಲಿ ಅದರ ಮೌಲ್ಯ ಸವಕಳಿ ಕಳೆದು ಕೆಲವೇ ಸಾವಿರಗಳಿಗೆ ಇಳಿದಿರುತ್ತದೆ. ವ್ಯವಹಾರ ಮಾತ್ರ ಅದರ ಮೇಲೆಯೇ ನಡೆಯುತ್ತಿರುತ್ತದೆ. ಇಂತಹ ವಾಹನಕ್ಕೆ ಯಾರ ಕೈಗೂ ಸಿಗದ ದೋಷವೊಂದು ಅಂಟಿಕೊಂಡರೆ ಮಾಲೀಕನು ಹೇಗೆ ವಿಚಾರ ಮಾಡಬೇಕೆಂಬುದಕ್ಕೆ ನಾನು ಕಂಡ ಪ್ರಕರಣವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಂತ್ರ ತಜ್ಞನಲ್ಲ. ನನ್ನ ಕೈಗೆ ಬಂದದ್ದು ವೋಚರುಗಳ ಕಟ್ಟು ಮಾತ್ರ.

2018ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿರುವ ಒಂದು ಸಣ್ಣ ಘಟಕದ ಲೆಕ್ಕಪರಿಶೋಧನೆಗೆ ಹೋಗಿದ್ದೆ. ಕೃಷಿ ಉಪಕರಣಗಳ ಬಿಡಿಭಾಗಗಳನ್ನು ತಯಾರಿಸಿ ಕೊಲ್ಹಾಪುರಕ್ಕೆ ಕಳುಹಿಸುವ ಘಟಕ. ವಾಹನ 2006ರ ಡೀಸೆಲ್ ಪಿಕಪ್. ದುರಸ್ತಿ ಖಾತೆಯಲ್ಲಿ ಕೆಲವೇ ತಿಂಗಳಲ್ಲಿ ಫಿಲ್ಟರ್ ಬದಲಾವಣೆಗೆ ರೂ. 650, ನಾಝಲ್‌ಗಳ ಕೆಲಸಕ್ಕೆ ರೂ. 7,400, ಇಂಜೆಕ್ಷನ್ ಪಂಪ್ ಬಿಚ್ಚಿ ಕಟ್ಟಿದ್ದಕ್ಕೆ ರೂ. 21,500, ಹೆಡ್ ಗ್ಯಾಸ್ಕೆಟ್ ಕೆಲಸಕ್ಕೆ ರೂ. 13,800 ಹೀಗೆ ಒಟ್ಟು ರೂ. 43,350 ಬರೆಯಲಾಗಿತ್ತು. ಇಷ್ಟಾದರೂ ದೋಷ ಹಾಗೆಯೇ ಇತ್ತು. ತುಂಬಿದ ವಾಹನ ಹುಬ್ಬಳ್ಳಿಯಿಂದ ಹೊರಟು ಧಾರವಾಡ ದಾಟುತ್ತಿದ್ದಂತೆ ನರೇಂದ್ರದ ಹತ್ತಿರ ಎಳೆತ ಕಳೆದುಕೊಂಡು ನಿಂತುಬಿಡುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಚಾಲೂ ಆಗುತ್ತಿತ್ತು. ಗ್ಯಾರೇಜಿಗೆ ತಂದಾಗ ಒಮ್ಮೆಯೂ ನಿಲ್ಲಲಿಲ್ಲ.

ತಣ್ಣಗಾದ ಮೇಲೆ ಓಡುವುದರಿಂದ ಇಂಜಿನ್ ಬಿಸಿಯಾಗುತ್ತಿದೆಯೆಂದು ಒಬ್ಬರು, ಪಂಪ್ ಸವೆದಿದೆಯೆಂದು ಇನ್ನೊಬ್ಬರು ಹೇಳಿದರು. ಮಾಲೀಕರ ಅನುಮಾನ ಬೇರೆಡೆಗೆ ಹೋಗಿತ್ತು. ಹನ್ನೊಂದು ವರ್ಷದಿಂದ ಇದ್ದ ಚಾಲಕನು ಡೀಸೆಲ್ ಕದ್ದು ಸೀಮೆಎಣ್ಣೆ ಬೆರೆಸುತ್ತಾನೆಂದು ಅವರಿಗೆ ಯಾರೋ ಹೇಳಿದ್ದರು. ದೀಪಾವಳಿಯ ಹೊತ್ತಿಗೆ ಚಾಲಕನನ್ನು ಬಿಡಿಸಿ, ವಾಹನವನ್ನು ಬಂದ ಬೆಲೆಗೆ ಮಾರಿ, ಸಾಲ ಮಾಡಿ ಹೊಸದನ್ನು ಕೊಳ್ಳುವುದೆಂದು ನಿರ್ಧಾರವಾಗಿತ್ತು. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ವಾಹನಕ್ಕೆ ಅರ್ಧ ಸವಕಳಿ ಮಾತ್ರ ಸಿಗುತ್ತದೆಯಲ್ಲವೇ ಎಂದು ಕೇಳಲೆಂದೇ ನನ್ನನ್ನು ಕೂರಿಸಿಕೊಂಡಿದ್ದರು.

ತಾಳೆಪಟ್ಟಿ ಕೂಡದಿದ್ದಾಗ ಲೆಕ್ಕಿಗನು ಪುಸ್ತಕಗಳನ್ನೆಲ್ಲ ಹೊಸದಾಗಿ ಬರೆಯುವುದಿಲ್ಲ. ವ್ಯತ್ಯಾಸವು 9ರಿಂದ ಭಾಗವಾಗುತ್ತದೆಯೇ ನೋಡುತ್ತಾನೆ, ಆದರೆ ಅಂಕಿಗಳು ಅದಲುಬದಲಾಗಿರುವ ಸಂಭವವುಂಟು. ಕೊನೆಗೆ, ಎಲ್ಲಿಯವರೆಗೆ ಸರಿಯಿತ್ತು, ಆಮೇಲೆ ಏನು ಬದಲಾಯಿತು ಎಂದು ಕೇಳುತ್ತಾನೆ. ಅದೇ ಅಭ್ಯಾಸದಿಂದ ನಾನು ವಾಹನ ಖಾತೆಯ ವೋಚರುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ವಾಹನವನ್ನು ಎಳೆದು ತಂದ ಮೊದಲ ಬಿಲ್ಲು ಜನವರಿ ತಿಂಗಳದ್ದು. ಅದಕ್ಕಿಂತ ಒಂಬತ್ತು ದಿನ ಹಿಂದಿನ ಒಂದು ಸಣ್ಣ ಚೀಟಿ ಹೀಗಿತ್ತು: ‘ಡೀಸೆಲ್ ಟ್ಯಾಂಕ್ ಬೀಗದ ಮುಚ್ಚಳ, ರೂ. 180.’

ಕಳವು ತಡೆಯಲೆಂದು ಮಾಲೀಕರೇ ಹಾಕಿಸಿದ ಮುಚ್ಚಳವದು. ಕೀಲಿ ಅವರ ಮೇಜಿನ ಖಾನೆಯಲ್ಲಿತ್ತು. ಮೊದಲು ಚಾಲಕನು ಬೇಕಾದಷ್ಟೇ ಡೀಸೆಲ್ ಹಾಕಿಸುತ್ತಿದ್ದ. ಅಂದಿನಿಂದ ಮೈಲೇಜು ಲೆಕ್ಕ ಹಾಕಲೆಂದು ಪ್ರತಿ ಕೊಲ್ಹಾಪುರ ಪ್ರಯಾಣದ ಮುನ್ನ ಮಾಲೀಕರೇ ಬಂಕಿಗೆ ಹೋಗಿ ಟ್ಯಾಂಕನ್ನು ಬಾಯಿಮಟ ತುಂಬಿಸತೊಡಗಿದರು.

ಚಾಲಕನನ್ನು ಕರೆಸಿದೆ. ತನ್ನ ಮೇಲೆ ಅಪವಾದ ಬಂದಾಗಿನಿಂದ ಆತ ವಾಹನ ನಿಂತ ಜಾಗದ ಕಿಲೋಮೀಟರನ್ನು ಒಂದು ಡೈರಿಯಲ್ಲಿ ಬರೆದಿಟ್ಟಿದ್ದ. ‘ಸಾಹೇಬ್ರ, ಇದನ್ನ ಯಾರೂ ಕೇಳಲೇ ಇಲ್ರೀ’ ಎಂದು ಮುಂದಿಟ್ಟ. ಒಂದು ಪ್ರಯಾಣದಲ್ಲಿ ಮೊದಲು 26 ಕಿ.ಮೀ.ಗೆ ನಿಂತಿತ್ತು, ಅಲ್ಲಿಂದ 38 ಕಿ.ಮೀ.ಗೆ, ಕಿತ್ತೂರು ದಾಟಿದ ಮೇಲೆ. ಬಳಿಕ 57 ಕಿ.ಮೀ.ಗೆ, ಬೆಳಗಾವಿಯ ಆಚೆ. ಬೇರೆ ಪ್ರಯಾಣಗಳಲ್ಲೂ ಅಂತರ ಹೀಗೆಯೇ ಬೆಳೆಯುತ್ತಿತ್ತು. ಸವೆದ ಪಂಪಾಗಲಿ ಬಿಸಿಯಾಗುವ ಇಂಜಿನ್ನಾಗಲಿ ದೂರ ಹೋದಂತೆ ಸುಧಾರಿಸುವುದುಂಟೆ? ಡೀಸೆಲ್ ಕಡಿಮೆಯಾದಷ್ಟೂ ವಾಹನ ಚೆನ್ನಾಗಿ ಓಡುತ್ತಿತ್ತು.

ಕಾರಣ ನನಗೆ ತಿಳಿಯಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿದ್ದ ಹಿರಿಯ ಮಿಸ್ತ್ರಿಯೊಬ್ಬರಿಗೆ ಡೈರಿಯನ್ನೂ ಚೀಟಿಯನ್ನೂ ತೋರಿಸಿದೆ. ಅವರು ಚೀಟಿಯನ್ನು ಓದಿ ನಕ್ಕರು.

ಟ್ಯಾಂಕಿನಿಂದ ಡೀಸೆಲ್ ಹೊರಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಈ ವಾಹನದ ಮೂಲ ಮುಚ್ಚಳದಲ್ಲಿ ಅದಕ್ಕೆಂದೇ ಸಣ್ಣ ಗಾಳಿರಂಧ್ರವಿತ್ತು. ಬೀಗದ ಮುಚ್ಚಳದಲ್ಲಿ ಇರಲಿಲ್ಲ. ಟ್ಯಾಂಕ್ ಬಾಯಿಮಟ ತುಂಬಿದಾಗ ಮೇಲಿರುವ ಗಾಳಿ ಕೆಲವೇ ಲೀಟರು. ನಾಲ್ಕು ಲೀಟರಿನಷ್ಟು ಗಾಳಿಯಿದ್ದು ಎರಡು ಲೀಟರ್ ಡೀಸೆಲ್ ಖರ್ಚಾದರೆ ಒಳಗಿನ ಒತ್ತಡ ಮೂರರಲ್ಲಿ ಒಂದು ಭಾಗ ಇಳಿಯುತ್ತದೆ. ಫೀಡ್ ಪಂಪಿಗೆ ಡೀಸೆಲ್ ಎಳೆಯಲಾಗುವುದಿಲ್ಲ. ಟ್ಯಾಂಕ್ ಖಾಲಿಯಾದಂತೆ ಗಾಳಿಯ ಜಾಗ ಹಿಗ್ಗುವುದರಿಂದ ಅಷ್ಟೇ ಒತ್ತಡ ಇಳಿಯಲು ಹೆಚ್ಚು ಡೀಸೆಲ್ ಖರ್ಚಾಗಬೇಕು, ಅಂದರೆ ಹೆಚ್ಚು ದೂರ ಓಡಬೇಕು. ಲೀಟರಿಗೆ 12 ಕಿ.ಮೀ. ಹಿಡಿದು ನಾನು ಅಲ್ಲಿಯೇ ಲೆಕ್ಕ ಹಾಕಿದೆ. ಡೈರಿಯ ಅಂಕಿಗಳೊಡನೆ ಬಹುಮಟ್ಟಿಗೆ ತಾಳೆಯಾಯಿತು. ನಿಂತ ಇಪ್ಪತ್ತು ನಿಮಿಷದಲ್ಲಿ ರಬ್ಬರ್ ವಾಷರಿನ ಸಂದಿಯಿಂದ ಗಾಳಿ ಮೆಲ್ಲಗೆ ಒಳಗೆ ಹೋಗಿ ಒತ್ತಡ ಸರಿಹೋಗುತ್ತಿತ್ತು.

ಹಾಗಾದರೆ ಗ್ಯಾರೇಜಿನವರ ಕೈಯಲ್ಲಿ ಪ್ರತಿ ಸಲವೂ ಸರಿಯಾದಂತೆ ಕಂಡದ್ದೇಕೆ? ಅವರು ಫಿಲ್ಟರಿನ ಕೊಳವೆ ಬಿಚ್ಚಿದೊಡನೆ ಅದರ ಮೂಲಕವೇ ಗಾಳಿ ಟ್ಯಾಂಕಿಗೆ ಸೇರುತ್ತಿತ್ತು. ಅರ್ಧ ಟ್ಯಾಂಕಿನಲ್ಲಿ ಹತ್ತು ಕಿಲೋಮೀಟರ್ ಓಡಿಸಿ ನೋಡಿದರೆ ದೋಷ ಕಾಣುವುದೂ ಇಲ್ಲ. ಅವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಆದರೆ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆಯೋ ಅದೇ ಸ್ಥಿತಿಯಲ್ಲಿ ಒಬ್ಬರೂ ಪರೀಕ್ಷಿಸಲಿಲ್ಲ.

ಮರುದಿನ ಟ್ಯಾಂಕ್ ತುಂಬಿಸಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಮಾಲೀಕರು, ಮಿಸ್ತ್ರಿ, ನಾನು ಚಾಲಕನೊಡನೆ ಹೊರಟೆವು. ನರೇಂದ್ರದ ಹತ್ತಿರ ವಾಹನ ನಿಂತಿತು. ಮಿಸ್ತ್ರಿ ಮುಚ್ಚಳ ತಿರುಗಿಸಿದಾಗ ಸುಯ್ಯೆಂದು ಗಾಳಿ ಒಳಗೆ ಎಳೆದ ಸದ್ದು ನಮಗೆಲ್ಲ ಕೇಳಿಸಿತು. ಕೈಪಂಪ್ ನಾಲ್ಕು ಸಲ ಒತ್ತಿ ಕೀಲಿ ತಿರುಗಿಸಿದರೆ ಇಂಜಿನ್ ತಕ್ಷಣ ಚಾಲೂ ಆಯಿತು. ಇಪ್ಪತ್ತು ನಿಮಿಷ ಕಾಯಬೇಕಾಗಿ ಬರಲಿಲ್ಲ. ಹಳೆಯ ಮುಚ್ಚಳ ಸೀಟಿನ ಹಿಂದಿನ ಹತ್ಯಾರು ಪೆಟ್ಟಿಗೆಯಲ್ಲೇ ಇತ್ತು.

ಹಳೆಯ ಡೀಸೆಲ್ ವಾಹನ ಹೀಗೆ ಎಳೆತ ಕಳೆದುಕೊಂಡರೆ ಟ್ಯಾಂಕಿನಿಂದ ಇಂಜಿನ್ನಿನ ಕಡೆಗೆ ಹುಡುಕುತ್ತ ಬರಬೇಕೆಂದು ಮಿಸ್ತ್ರಿ ಹೇಳಿದರು: ಮುಚ್ಚಳ, ಟ್ಯಾಂಕಿನೊಳಗಿನ ಜಾಲರಿ, ರಬ್ಬರ್ ಕೊಳವೆ, ಫಿಲ್ಟರ್, ಫೀಡ್ ಪಂಪ್, ಇಂಜೆಕ್ಷನ್ ಪಂಪಿಗೆ ಕೈ ಹಾಕುವುದು ಕೊನೆಯಲ್ಲಿ. ಎಳೆಯುವ ಕಡೆಯ ಕೊಳವೆ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಇರಬಹುದು, ಗಾಳಿ ಮಾತ್ರ ಒಳಗೆ ಸೇರುತ್ತದೆ. ಆದ್ದರಿಂದ ಒಣಗಿದ ಕೊಳವೆಯನ್ನು ಕಂಡು ಸರಿಯಿದೆಯೆಂದು ತಿಳಿಯಬಾರದು. ಫೀಡ್ ಪಂಪಿಗೆ ಬೇರೊಂದು ಡಬ್ಬಿಯಿಂದ ಡೀಸೆಲ್ ಕೊಟ್ಟು ನೋಡುವುದು ಸುಲಭದ ಪರೀಕ್ಷೆ. ಆಗ ಇಂಜಿನ್ ನಿಲ್ಲದಿದ್ದರೆ ದೋಷ ಟ್ಯಾಂಕಿನ ಕಡೆಯದು. ಡಬ್ಬಿಯನ್ನು ಬಿಸಿ ಭಾಗಗಳಿಂದ ದೂರ ಭದ್ರವಾಗಿ ಕಟ್ಟಬೇಕು.

ಇನ್ನು ಲೆಕ್ಕದ ವಿಷಯ. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವೇ ಚಾಲ್ತಿ ದುರಸ್ತಿಯೆಂದೂ, ಹೊಸ ಆಸ್ತಿಯನ್ನು ಉಂಟುಮಾಡುವ ವೆಚ್ಚ ಅಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ದೋಷ ನಿವಾರಣೆಯಾಗದಿದ್ದರೂ ಆ ರೂ. 43,350 ದುರಸ್ತಿ ವೆಚ್ಚವೇ. ಆಯಾ ವರ್ಷದ ಖರ್ಚೆಂದು ಬರೆದೆವು. ಪಕ್ಕಾ ಬಿಲ್ಲು ಒಂದೇ ಇದ್ದುದರಿಂದ ಜಿಎಸ್‌ಟಿ ಜಮೆ ಹೆಚ್ಚೇನೂ ಸಿಗಲಿಲ್ಲ. ಬೀಗದ ಮುಚ್ಚಳದ ರೂ. 180 ಕೂಡ ಅದೇ ಖಾತೆಯಲ್ಲಿದೆ.

ವಾಹನ ಮಾರುವ ಮಾತು ನಿಂತಿತು. ಮಾಲೀಕರು ಚಾಲಕನಿಗೆ ತಡೆಹಿಡಿದಿದ್ದ ಒಂದು ತಿಂಗಳ ಪಗಾರ ಕೊಟ್ಟರು. ಬಾಯಿಬಿಟ್ಟು ಬೇರೇನನ್ನೂ ಹೇಳಲಿಲ್ಲ. ಆತ ಟ್ಯಾಂಕ್ ತುಂಬಿಸಿಕೊಂಡು ಎಲ್ಲಿಯೂ ನಿಲ್ಲದೆ ಎರಡು ಸಲ ಕೊಲ್ಹಾಪುರಕ್ಕೆ ಹೋಗಿ ಬಂದ. ದೀಪಾವಳಿ ಮುಗಿದ ಮೇಲೆ ಡೈರಿಯನ್ನೂ ವಾಹನದ ಕೀಲಿಯನ್ನೂ ಮಾಲೀಕರ ಮೇಜಿನ ಮೇಲಿಟ್ಟು, ಅಣ್ಣಿಗೇರಿಯಲ್ಲಿ ಬೇರೆಯವರ ಲಾರಿಗೆ ಸೇರಿಕೊಂಡ.