ನೆಲ ಹಿಡಿದ ಆಕಳಿಗೆ ಎಣ್ಣೆ ತಿಕ್ಕುವ ಮೊದಲು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಆಕಳು ನೆಲ ಹಿಡಿದರೆ ಎಣ್ಣೆ ತಿಕ್ಕಿ ಕಾಲು ಎಳೆಯುವ ನಾಟಿ ವೈದ್ಯರನ್ನು ಕರೆಸುವವರು ಬಹಳ. ಜೋಯಿಡಾದ ಕಾಡಿನ ಹಳ್ಳಿಗೆ ಡಾಕ್ಟರು ಮುಟ್ಟುವುದು ತಡ, ಜನರದ್ದೂ ತಪ್ಪೆನ್ನಲಾಗದು.

ಆದರೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮಿನಂತೆ ಪಶು ಚಿಕಿತ್ಸೆಯ ಹಕ್ಕು ನೋಂದಾಯಿತ ಪಶುವೈದ್ಯರದ್ದು. ತರಬೇತಿ ಪಡೆದ ಸಹಾಯಕರು ಸರ್ಕಾರದ ಅನುಮತಿ ಇದ್ದರೆ, ವೈದ್ಯರ ಉಸ್ತುವಾರಿಯಲ್ಲಿ ಲಸಿಕೆ, ಗಾಯಕ್ಕೆ ಪಟ್ಟಿ ಮುಂತಾದ ಸಣ್ಣ ಕೆಲಸ ಮಾಡಬಹುದು. ಫಿಸಿಯೋಥೆರಪಿಯ ಹೆಸರು ಅಲ್ಲಿಲ್ಲ. ಫಿಸಿಯೋಥೆರಪಿಸ್ಟರನ್ನೂ ಒಳಗೊಂಡ 2021ರ ಕಾಯ್ದೆ ಮನುಷ್ಯರ ಆರೋಗ್ಯ ಸೇವೆಗೆ ಸಂಬಂಧಿಸಿದ್ದು.

ಇದು ಬರೀ ಕಾಗದದ ಮಾತಲ್ಲ. ಕರು ಹಾಕಿದ ಒಂದೆರಡು ದಿನದಲ್ಲಿ ಬಿದ್ದ ಆಕಳಿಗೆ ಹೆಚ್ಚಾಗಿ ಕ್ಯಾಲ್ಸಿಯಂ ಕೊರತೆ. ಇದಕ್ಕೆ ಹಾಲು ಜ್ವರ ಎನ್ನುತ್ತಾರೆ, ಜ್ವರವೇನೂ ಇರುವುದಿಲ್ಲ. ಎಷ್ಟು ತಿಕ್ಕಿದರೂ ಏಳದ ಆಕಳು, ಡಾಕ್ಟರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬೇಗ ಎದ್ದು ನಿಲ್ಲಬಹುದು. ಮೂಳೆ ಮುರಿದಿದ್ದರೆ ಕಾಲು ಎಳೆಯುವುದು ಹಿಂಸೆಯೇ. ನಾವೇ ಕೆಲವರು ಹಿಂದೊಮ್ಮೆ ಮುರಿದ ಕಾಲಿನ ಎತ್ತಿಗೆ ಮೂರು ದಿನ ಎಣ್ಣೆ ತಿಕ್ಕಿದ್ದೇವೆ, ಜೀವದಯೆ ಎಂದುಕೊಂಡು. ಹಿಂಗಾಲು ಸೋತು ಜೊಲ್ಲು ಸುರಿಯುತ್ತಿದ್ದರೆ ರೇಬೀಸ್ ಕೂಡ ಇರಬಹುದು. ಬಾಯಿಗೆ ಕೈ ಹಾಕಬೇಡಿ.

ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ. ಅದು ಬರುವತನಕ ನೆರಳು ಮಾಡಿ, ದಪ್ಪಗೆ ಹುಲ್ಲು ಹಾಸಿ. ಮೂಳೆ ಮುರಿದ ಅನುಮಾನ ಇಲ್ಲದಿದ್ದರೆ ಮೂರ್ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಒತ್ತಾಯದಿಂದ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ತಿಕ್ಕುವುದು, ಕಾಲು ಆಡಿಸುವುದು ಬೇಕೇ ಎಂದು ಡಾಕ್ಟರನ್ನೇ ಕೇಳಿ. ಬೇಕೆಂದರೆ ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ಬರೆಸಿಕೊಳ್ಳಿ.