ಜಿಲ್ಲೆಯಲ್ಲಿ ಲಿಥಿಯಂ ಸಿಕ್ಕಿದ್ದು ನಿಜ, ಆದ್ರೆ ನಮ್ಮ ಪಂಪ್‌ಸೆಟ್‌ಗೆ ಬ್ಯಾಟರಿ ಯಾವಾಗ?

ಸಂತೆಬಾಚಹಳ್ಳಿ: ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದ್ರೆ ನಿದ್ದೆಗೆಟ್ಟು ಬೋರ್‌ವೆಲ್ ಹತ್ರ ಹೋಗಬೇಕು. ಹಾವು, ಚಿರತೆ ಭಯ ಬೇರೆ. ಹಗಲಲ್ಲಿ ಸುಡುವ ಬಿಸಿಲಿನ ಶಕ್ತಿಯನ್ನು ಕೂಡಿಟ್ಟು ಬೇಕಾದಾಗ ಬಳಸುವಂತಾದರೆ? ದೇಶದ ಪ್ರಯೋಗಾಲಯಗಳಲ್ಲಿ ಬ್ಯಾಟರಿ ಮೇಲೆ ನಡೆಯುತ್ತಿರುವ ಸಂಶೋಧನೆ ನಮ್ಮ ಹೋಬಳಿಗೆ ಸಂಬಂಧಪಡೋದು ಇಲ್ಲೇ.

14,100 ಟನ್ 1,600 ಆಗಿದ್ದು ಹೇಗೆ?

ಶ್ರೀರಂಗಪಟ್ಟಣ ಸೀಮೆಯ ಮರಳಗಾಲ–ಅಲ್ಲಾಪಟ್ಟಣ ಭಾಗದ ಬಂಡೆಗಳಲ್ಲಿ ಲಿಥಿಯಂ ಇರುವುದನ್ನು ಪತ್ತೆಹಚ್ಚಿದ್ದು ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ. 2020ರಲ್ಲಿ 14,100 ಟನ್ ಅಂತ ಅಂದಾಜು ಸುದ್ದಿಯಾಯಿತು. 2021ರಲ್ಲಿ ಕೇಂದ್ರ ಸರ್ಕಾರವೇ ಹೇಳಿದ ಲೆಕ್ಕ 1,600 ಟನ್. ಅದೂ 'ಊಹಿತ' ವರ್ಗದ್ದು. ಅಂದ್ರೆ ಮೇಲ್ಮೈ ಪರೀಕ್ಷೆ ಮತ್ತು ಸೀಮಿತ ಕೊರೆತದ ಮೇಲೆ ಹಾಕಿದ ಲೆಕ್ಕ. ಮೊದಲು ಸುದ್ದಿಯಾದ ಅಂಕಿಯನ್ನೂ ಚಿಲಿ ದೇಶದ 86 ಲಕ್ಷ ಟನ್ ಜೊತೆ ಹೋಲಿಸಿದವರಿದ್ದರು. ನಮ್ಮದು ಎಷ್ಟು ಚಿಕ್ಕದು ಅಂತ ಆಗಲೇ ಗೊತ್ತಾಗಿತ್ತು.

ಇಲ್ಲಿನ ಲಿಥಿಯಂ ಗಟ್ಟಿ ಬಂಡೆಯೊಳಗಿದೆ. ಇಂಥ ಕಲ್ಲನ್ನು ಒಡೆದು, ಪುಡಿ ಮಾಡಿ, ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಹುರಿದು, ಆಮ್ಲದಲ್ಲಿ ಕರಗಿಸಿ ತೆಗೀಬೇಕು. ಚಿಲಿಯಲ್ಲಿ ಉಪ್ಪುನೀರನ್ನು ಬಿಸಿಲಿಗೆ ಇಂಗಿಸಿ ತೆಗೆಯುತ್ತಾರೆ. ಹಾಗಾಗಿ 'ನಮ್ಮ ಜಿಲ್ಲೆ ಚಿನ್ನದ ಗಣಿ ಆಯ್ತು' ಅಂತ ಜಮೀನು ವ್ಯವಹಾರಕ್ಕೆ ಇಳಿಯೋರ ಮಾತು ಕೇಳುವ ಮುನ್ನ ಎರಡು ಸಲ ಯೋಚಿಸಿ. 2023ರ ಕಾಯ್ದೆ ತಿದ್ದುಪಡಿ ನಂತರ ಲಿಥಿಯಂ ಗಣಿ ಹರಾಜು ಹಾಕುವ ಅಧಿಕಾರ ಕೇಂದ್ರದ್ದು.

ಉಪ್ಪಿನ ಬ್ಯಾಟರಿ

ಲಿಥಿಯಂಗೆ ಪರ್ಯಾಯ ಅಂದ್ರೆ ಸೋಡಿಯಂ. ಅಡುಗೆ ಉಪ್ಪಿನಲ್ಲಿರುವುದೇ ಅದು, ದೇಶದಲ್ಲಿ ಬರ ಇಲ್ಲ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ರೂಪಿಸಿದ ಸೋಡಿಯಂ ಬ್ಯಾಟರಿ ಆರೇ ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುತ್ತದೆ, 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದು ಎಂದು 2025ರಲ್ಲಿ ಪ್ರಕಟವಾಯಿತು. ದಿನಕ್ಕೊಂದು ಸಲ ಅಂದ್ರೂ ಎಂಟು ವರ್ಷದ ಲೆಕ್ಕ.

ಸೋಡಿಯಂ ಬ್ಯಾಟರಿಗೆ ತೂಕ ಜಾಸ್ತಿ. ಸ್ಕೂಟರ್‌ಗೆ ಅದು ತೊಡಕು. ಪಂಪ್‌ಹೌಸ್ ಮೂಲೆಯಲ್ಲಿ ಕೂತಿರೋ ಪೆಟ್ಟಿಗೆಗೆ ತೂಕದ ಚಿಂತೆ ಏನು? ಆದರೆ ಪ್ರಯೋಗಾಲಯದ ಸೆಲ್ ಅಂಗಡಿಗೆ ಬರೋಕೆ ವರ್ಷಗಳೇ ಬೇಕು.

ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಕೂಡ ಬ್ಯಾಟರಿ ಸಂಶೋಧನೆ ಮಾಡ್ತಿದೆ. ಇಸ್ರೋ ರಾಕೆಟ್, ಉಪಗ್ರಹಕ್ಕಾಗಿ ತಯಾರಿಸಿದ ಲಿಥಿಯಂ ಸೆಲ್ ತಂತ್ರಜ್ಞಾನವನ್ನು 2018ರಲ್ಲಿ ಕೈಗಾರಿಕೆಗಳಿಗೆ ಕೊಡಲು ಮುಂದಾಯಿತು. ದೇಶದಲ್ಲೇ ಸೆಲ್ ತಯಾರಿಸಲು ಕೇಂದ್ರ 2021ರಲ್ಲಿ 18,100 ಕೋಟಿ ರೂ. ಪ್ರೋತ್ಸಾಹ ಯೋಜನೆ ಘೋಷಿಸಿತು.

ಒಂದು ಪಂಪ್‌ಗೆ ಎಷ್ಟು ಬೇಕು?

ಲೆಕ್ಕ ಸುಲಭ. 5 ಎಚ್‌ಪಿ ಮೋಟಾರ್ ಅಂದ್ರೆ ಸುಮಾರು 3.7 ಕಿಲೋವ್ಯಾಟ್. ನಾಲ್ಕು ಗಂಟೆ ಓಡಿದ್ರೆ 15 ಯೂನಿಟ್. ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ 3 ಯೂನಿಟ್ ಹಿಡಿಯುತ್ತೆ ಅಂದುಕೊಂಡರೆ, ಒಂದು ಪಂಪ್‌ಗೆ ಐದು ಸ್ಕೂಟರಿನ ಬ್ಯಾಟರಿ. ಇವತ್ತಿನ ರೇಟಲ್ಲಿ ಒಬ್ಬ ರೈತನಿಗೆ ಇದು ಹೊರೆಯೇ. ಅದಕ್ಕೇ ಹಗಲು ಸೋಲಾರ್‌ನಲ್ಲೇ ನೀರು ಎತ್ತಿ ತೊಟ್ಟಿ, ಕೃಷಿ ಹೊಂಡ ತುಂಬಿಸಿಕೊಳ್ಳೋದೇ ಸದ್ಯಕ್ಕೆ ಅಗ್ಗದ 'ಬ್ಯಾಟರಿ'. ಸಬ್‌ಸ್ಟೇಷನ್ ಮಟ್ಟದಲ್ಲಿ ದೊಡ್ಡ ಬ್ಯಾಟರಿ ಬಂದರೆ ಹತ್ತಾರು ಹಳ್ಳಿಗೆ ಒಟ್ಟಿಗೆ ಅನುಕೂಲ.

ಇನ್ನೊಂದು ಮಾತು. ಮನೇಲಿ ಹಾಳಾದ ಯುಪಿಎಸ್, ಸ್ಕೂಟರ್ ಬ್ಯಾಟರಿ ಇದ್ರೆ ಬೇಲಿ ಪಕ್ಕ ಎಸೀಬೇಡಿ, ಒಡೀಬೇಡಿ. ಸೀಸ, ಆಮ್ಲ ಮಣ್ಣು-ನೀರಿಗೆ ಸೇರುತ್ತೆ, ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಹೊಸದು ಕೊಳ್ಳುವಾಗ ಹಳೇದನ್ನು ಅಂಗಡಿಗೇ ಕೊಡಿ.