ಆರ್ನೂರು ರೂಪಾಯಿಯ ಗಾಲ್ಫ್ ಶರ್ಟ್

ಐಟಿಯಲ್ಲಿರುವ ಯಾರ ಕಪಾಟು ತೆರೆದರೂ ಕಾಲರ್ ಇರುವ ಟೀ ಶರ್ಟುಗಳ ಒಂದು ಅಟ್ಟಿ ಇದ್ದೇ ಇರುತ್ತದೆ. ಪ್ರಾಜೆಕ್ಟ್ ಗೋ-ಲೈವ್ ಆದಾಗ ಒಂದು, ಆಫ್‌ಸೈಟ್‌ಗೆ ಹೋದಾಗ ಒಂದು, ಕಂಪನಿಗೆ ವರ್ಷ ತುಂಬಿದಾಗ ಇನ್ನೊಂದು. ಎಲ್ಲ ಪುಕ್ಕಟೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಂಥ ಶರ್ಟಿಗೆ ಕೈಯಿಂದ ದುಡ್ಡು ಕೊಟ್ಟ ನೆನಪು ನನಗಿಲ್ಲ. ಅಂಥವನು ಕಳೆದ ಡಿಸೆಂಬರ್‌ನಲ್ಲಿ ಪುಣೆಯ ಒಂದು ಮಾಲ್‌ನಲ್ಲಿ ಅಂಥದೇ ಒಂದು ಶರ್ಟಿಗೆ 6,490 ರೂಪಾಯಿ ಕೊಟ್ಟು ಬಂದೆ. ಹೆಂಡತಿಗೆ ಬಿಲ್ ತೋರಿಸಲಿಲ್ಲ. ಅಪ್ಪನಿಗೆ ಹೇಳಿದ ಸುಳ್ಳಿನ ಕಥೆ ಮುಂದಿದೆ.

ಆದದ್ದು ಇಷ್ಟು. ನಮ್ಮ ಕ್ಲೈಂಟ್ ಕಡೆಯ ದೊಡ್ಡವರೊಬ್ಬರು ಊರಿಗೆ ಬಂದಿದ್ದರು. ಶನಿವಾರ ಬೆಳಿಗ್ಗೆ ಗಾಲ್ಫ್, ನೀನೂ ಬಾ ಎಂದು ಮ್ಯಾನೇಜರ್ ಹೇಳಿದರು. ನನಗೆ ಗಾಲ್ಫ್ ಅಂದರೆ 2021ರ ಆಗಸ್ಟ್‌ನಲ್ಲಿ ನಸುಕಿಗೇ ಎದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡುವುದನ್ನು ನೋಡಿದ್ದು, ಅವರು ನಾಲ್ಕನೇ ಸ್ಥಾನಕ್ಕೆ ನಿಂತಾಗ ಮನೆಮಂದಿಯೆಲ್ಲ ಬೇಜಾರು ಮಾಡಿಕೊಂಡದ್ದು. ಆ ಹುಮ್ಮಸ್ಸಿನಲ್ಲಿ ಡ್ರೈವಿಂಗ್ ರೇಂಜಿಗೆ ಹೋಗಿ ಕೆಲವು ಭಾನುವಾರ ಚೆಂಡು ಹೊಡೆದಿದ್ದೆ. ಅಷ್ಟೇ ಅನುಭವ. ಕ್ಲಬ್ಬಿನಿಂದ ಮೇಲ್ ಬಂತು: ಕಾಲರ್ ಕಡ್ಡಾಯ, ಜೀನ್ಸ್ ಬೇಡ, ಕಾರ್ಗೊ ಪ್ಯಾಂಟ್ ಬೇಡ, ಶರ್ಟ್ ಪ್ಯಾಂಟಿನೊಳಗೆ ಇರಬೇಕು.

ಕಾಲರ್ ತಾನೆ, ಅಟ್ಟಿಯೇ ಇದೆಯಲ್ಲ ಅಂದುಕೊಂಡು ಕಪಾಟು ತೆರೆದೆ. ಒಂದೊಂದರ ಎದೆಯ ಮೇಲೂ ಯಾವುದೋ ಸತ್ತ ಪ್ರಾಜೆಕ್ಟಿನ ಹೆಸರು. ಇದ್ದುದರಲ್ಲಿ ಚೆನ್ನಾಗಿದ್ದ ಒಂದರ ಮೇಲೆ ಈ ಕ್ಲೈಂಟಿನ ಎದುರಾಳಿ ಕಂಪನಿಯ ಲೋಗೊ! ಅಪ್ರೈಸಲ್ ಹತ್ತಿರವಿತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಸೀದಾ ಮಾಲ್‌ಗೆ ಹೋದೆ.

ಶನಿವಾರ ಮೊದಲ ಹೋಲ್‌ನಲ್ಲೇ ಶರ್ಟಿನ ಬಣ್ಣ ಬಯಲಾಯಿತು. ಅದು ಸ್ಲಿಮ್ ಫಿಟ್. ಕ್ಲಬ್ ಎತ್ತಿ ಬೀಸಿದೊಡನೆ ಮುಂಭಾಗ ಪೂರ್ತಿ ಪ್ಯಾಂಟಿನಿಂದ ಹೊರಗೆ. ಕ್ಯಾಡಿ ಹುಡುಗ ಹತ್ತಿರ ಬಂದು ಮೆಲ್ಲಗೆ, "ಸಾಬ್, ಶರ್ಟ್ ಅಂದರ್" ಅಂದ. ಎಂಟನೇ ಹೋಲ್ ಹೊತ್ತಿಗೆ ಅವನು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿ ಬರೀ ಕಣ್ಣಲ್ಲೇ ಸೂಚಿಸತೊಡಗಿದ. ಆ ದೊಡ್ಡವರು ಯಾವ ಶರ್ಟ್ ಹಾಕಿದ್ದರು ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ. ನನ್ನದು ಅವರಿಗೆ ನೆನಪಿರಬಹುದು, ಬೇರೆ ಕಾರಣಕ್ಕೆ.

ಯುಗಾದಿಗೆ ದಾವಣಗೆರೆಗೆ ಹೋದಾಗ ಅದೇ ಶರ್ಟ್ ಹಾಕಿಕೊಂಡಿದ್ದೆ. ಇಷ್ಟು ಕೊಟ್ಟ ಮೇಲೆ ಹಾಕಿ ಹಾಕಿಯೇ ಹಣ ವಸೂಲಿ ಮಾಡಬೇಕಲ್ಲ. ಅಪ್ಪ ಹತ್ತಿಗಿರಣಿಯಲ್ಲಿ ದುಡಿದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲವನ್ನು ಕಣ್ಣಾರೆ ಕಂಡವರು. ಬಟ್ಟೆ ಕಂಡರೆ ಅವರ ಕೈ ತಾನಾಗಿ ಮುಂದೆ ಬರುತ್ತದೆ. ನನ್ನ ತೋಳಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದರು.

"ಇದು ನೂಲಲ್ಲ, ಪಾಲಿಯೆಸ್ಟರ್. ಎಷ್ಟಕ್ಕೆ ತಗಂಡೆ?"

ಊರು ಬಿಟ್ಟ ಮಕ್ಕಳಿಗೆ ಈ ಪ್ರಶ್ನೆಗೆ ಒಂದು ಸೂತ್ರ ಗೊತ್ತಿರುತ್ತದೆ: ಕೊನೆಯ ಸೊನ್ನೆ ತೆಗೆದು ಹೇಳುವುದು. "ಆರ್ನೂರು ಚಿಲ್ಲರೆ ಅಪ್ಪಾಜಿ" ಅಂದೆ.

"ಪಾಲಿಯೆಸ್ಟರಿಗೆ ತುಟ್ಟಿನೇ ಆತು." ಇನ್ನೊಮ್ಮೆ ಉಜ್ಜಿದರು. "ಆದ್ರೆ ಹಗುರೈತಿ. ಬೆಳಿಗ್ಗೆ ವಾಕಿಂಗಿಗೆ ಚಲೋ. ನನಗೂ ಒಂದು ತಗಂಡ್ ಬಾ."

ಅಪ್ಪ ನನ್ನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ಕೇಳಿದ್ದೂ ನಾನು ಕಟ್ಟಿದ ಸುಳ್ಳು ಬೆಲೆಯನ್ನು ನಂಬಿ. 6,490 ಕೊಟ್ಟು ಇನ್ನೊಂದು ತಂದು ಆರ್ನೂರು ಎನ್ನಲು ನನ್ನಿಂದ ಆಗದು. ಆರ್ನೂರರ ಕಳಪೆ ತಂದರೆ ಆ ಬೆರಳುಗಳು ಬಿಡಲಾರವು. ಹೀಗಾಗಿ ಪುಣೆಗೆ ಮರಳಿದ ಮೇಲೆ, ಈ ಶರ್ಟಿಗೆ ನಿಜಕ್ಕೂ ಎಷ್ಟು ಕೊಡಬೇಕು ಎಂದು ಹುಡುಕಲು ಕೂತೆ. ಕೊಳ್ಳುವ ಮೊದಲೇ ಮಾಡಬೇಕಿದ್ದ ಕೆಲಸ.

ಈ ಶರ್ಟು ಹುಟ್ಟಿದ್ದು ಗಾಲ್ಫಿಗಲ್ಲ. ಟೆನಿಸ್ ಆಡುವವರು ಉದ್ದ ತೋಳಿನ, ಗಂಜಿ ಹಾಕಿದ ಕಾಲರಿನ ಅಂಗಿಯಲ್ಲಿ ಬೇಯುತ್ತಿದ್ದ ಕಾಲದಲ್ಲಿ ಫ್ರಾನ್ಸಿನ ರೆನೆ ಲಾಕೊಸ್ಟ್ ಗಿಡ್ಡ ತೋಳಿನ ಹತ್ತಿಯ ಹೆಣಿಗೆ ಶರ್ಟ್ ತೊಟ್ಟು 1926ರ ಅಮೆರಿಕನ್ ಚಾಂಪಿಯನ್‌ಷಿಪ್ ಗೆದ್ದ. 1933ರಲ್ಲಿ ಆಂದ್ರೆ ಜಿಲಿಯೆ ಜೊತೆ ಸೇರಿ, ಎದೆಯ ಮೇಲೆ ಮೊಸಳೆ ಕೂರಿಸಿ ಮಾರಾಟಕ್ಕೆ ಇಳಿದ. ಪೋಲೊ ಆಡುವವರೂ ಅದನ್ನೇ ತೊಟ್ಟರು, ಹೆಸರು ಅವರದೇ ನಿಂತಿತು. ಇನ್ನು ಪೋಲೊ ಆಟವನ್ನು ಬ್ರಿಟಿಷರು ಕಲಿತದ್ದು ನಮ್ಮ ಮಣಿಪುರಿಗಳಿಂದ. ಕುದುರೆ ಆಟದ ಹೆಸರಿನ ಟೆನಿಸ್ ಅಂಗಿ ತೊಟ್ಟು ನಾವು ಹಿಂಜವಡಿಯ ಟ್ರಾಫಿಕ್‌ನಲ್ಲಿ ಕೂತಿರುತ್ತೇವೆ.

ಆ ಮೂಲ ಶರ್ಟಿನದು ಪಿಕೆ ಹೆಣಿಗೆ, ಜೇನುಗೂಡಿನಂಥ ಸಣ್ಣ ಉಬ್ಬುಗಳಿದ್ದು ಒಳಗೆ ಗಾಳಿ ಆಡುವಂಥದ್ದು. ಈಗ ಗಾಲ್ಫ್ ಶರ್ಟ್ ಎಂದು ಮಾರುವುದರಲ್ಲಿ ಬಹಳಷ್ಟು ಪಾಲಿಯೆಸ್ಟರ್, ಹಿಗ್ಗಲೆಂದು ಅದರಲ್ಲಿ ಸ್ವಲ್ಪ ಎಲಾಸ್ಟೇನ್. ಅಪ್ಪನಿಗೆ ಅದು ಕೀಳು ಬಟ್ಟೆ. ಆದರೆ ಬೆವರಿನ ಲೆಕ್ಕ ಬೇರೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರ ಆಸುಪಾಸು ತೇವ ಹಿಡಿದಿರುತ್ತದೆ, ಪಾಲಿಯೆಸ್ಟರ್ ಶೇಕಡಾ 1ರಷ್ಟೂ ಹಿಡಿಯುವುದಿಲ್ಲ. ಎಳೆಯೊಳಗೆ ಹೋಗದ ಬೆವರು ಬಟ್ಟೆಯ ಮೇಲೆ ಹರಡಿ ಬೇಗ ಆರುತ್ತದೆ. ಹದಿನೆಂಟು ಹೋಲ್ ಅಂದರೆ ನಾಲ್ಕು ತಾಸು ಬಿಸಿಲು. ಹತ್ತಿ ಶರ್ಟು ಅಷ್ಟರಲ್ಲಿ ಒದ್ದೆಯಾಗಿ ಬೆನ್ನಿಗಂಟಿ ಭಾರವಾಗುತ್ತದೆ. ಪಾಲಿಯೆಸ್ಟರಿನ ಶಾಪ ವಾಸನೆ. ಕಾರಿನ ಡಿಕ್ಕಿಯಲ್ಲಿ ಒಂದು ರಾತ್ರಿ ಮರೆತು ನೋಡಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ, ಅದು ಎಳೆಗಳ ಮೇಲೆ ಪದರ ಕಟ್ಟಿ ಬೆವರು ಹರಡುವ ಗುಣವನ್ನೇ ಕೆಡಿಸುತ್ತದೆ.

ಮುಖ್ಯ ಸಂಗತಿ ಇದು: ಈ ಗುಣ ಇರುವುದು ನೂಲು ಮತ್ತು ಹೆಣಿಗೆಯಲ್ಲಿ, ಲಾಂಛನದಲ್ಲಲ್ಲ. ಕ್ರೀಡಾ ಸಾಮಾನಿನ ದೊಡ್ಡ ಅಂಗಡಿಯೊಂದರಲ್ಲಿ ಕೂತು ಲೇಬಲ್‌ಗಳನ್ನು ಓದಿದೆ. ಎಂಟು ನೂರರ ಶರ್ಟಿನಲ್ಲೂ ನನ್ನದರಲ್ಲೂ ಪಾಲಿಯೆಸ್ಟರ್ ಮತ್ತು ಎಲಾಸ್ಟೇನ್ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹೊಲಿಗೆಯಲ್ಲಿ, ಕಾಲರಿನಲ್ಲಿ ವ್ಯತ್ಯಾಸ ಉಂಟು, ಇಲ್ಲವೆನ್ನುವುದಿಲ್ಲ. ಅಗ್ಗದ ಶರ್ಟಿನ ಕಾಲರ್ ಹತ್ತು ಒಗೆತಕ್ಕೆ ಹಪ್ಪಳದ ಹಾಗೆ ಸುರುಳಿಕೊಳ್ಳಬಹುದು. ಹಾಗಾಗಿ ಬೆರಳಲ್ಲಿ ಮಡಚಿ ಬಿಟ್ಟು ನೋಡಿ, ಸೆಟೆದು ನಿಂತರೆ ಸರಿ. ಆದರೆ ಆ ವ್ಯತ್ಯಾಸದ ಬೆಲೆ ಐದು ಸಾವಿರವಲ್ಲ.

ತೆರಿಗೆಯ ಮಾತನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇಕಡಾ 5, ಅದನ್ನು ದಾಟಿದರೆ ಶೇಕಡಾ 18. ತೆರಿಗೆಗೆ ಮುಂಚೆ 2,500 ಇದ್ದ ಶರ್ಟು ಕೈಗೆ ಬರುವುದು 2,625ಕ್ಕೆ, 2,600 ಇದ್ದದ್ದು 3,068ಕ್ಕೆ. ನನ್ನ ಬಿಲ್ ತೆಗೆದು ನೋಡಿದರೆ ಅದರಲ್ಲಿ ತೆರಿಗೆಯೇ 990. ಆ 990ರಲ್ಲಿ ಅಪ್ಪನ ಶರ್ಟ್ ಬರುತ್ತಿತ್ತು.

ನನ್ನ ತೀರ್ಪು ಕೇಳಿದರೆ, ತಿಂಗಳಿಗೊಮ್ಮೆ ಆಡುವವರು 800ರಿಂದ 1,500ರೊಳಗೆ ಎರಡು ಶರ್ಟ್ ಕೊಳ್ಳಲಿ. ವಾರವಾರ ಆಡುವವರು ಬೇಕಾದರೆ 2,500ರವರೆಗೆ ಹೋಗಲಿ. ಅದರಾಚೆ ಕೊಡುವುದು ಮೊಸಳೆಗೋ ಕುದುರೆಗೋ. ಖುಷಿಗೆ ಕೊಟ್ಟರೆ ತಕರಾರಿಲ್ಲ, ನನ್ನ ಹಾಗೆ ಹೆದರಿ ಕೊಡಬೇಡಿ. ನಾನು ಆಮೇಲೆ ಆಡಿದ್ದು ಮೂರೇ ಸಲ, ಅಂದರೆ ಅಂಗಿಗೆ ಒಂದೊಂದು ಆಟಕ್ಕೂ ಸಾವಿರದ ಆರುನೂರು ಬಿತ್ತು. ಅಷ್ಟು ಹಣದಲ್ಲಿ ಕೋಚ್ ಹತ್ತಿರ ಕೆಲವು ಪಾಠ ಕಲಿತಿದ್ದರೆ ಚೆಂಡಾದರೂ ನೆಟ್ಟಗೆ ಹೋಗುತ್ತಿತ್ತು. ಒಂದು ಮಾತು ಮಾತ್ರ ಮರೆಯಬೇಡಿ: ಟ್ರಯಲ್ ರೂಮಿನಲ್ಲಿ ಶರ್ಟನ್ನು ಒಳಗೆ ಸಿಕ್ಕಿಸಿ, ಎರಡೂ ಕೈ ತಲೆಯ ಮೇಲೆತ್ತಿ ಪೂರ್ತಿ ತಿರುಗಿ. ಹೊರಗೆ ಬಂತೋ, ವಾಪಸ್ ಕೊಡಿ. ನಗುವವರು ನಗಲಿ.

ಅಪ್ಪನಿಗೆ ಆ ಕ್ರೀಡಾ ಅಂಗಡಿಯಲ್ಲೇ 799ರ ನೀಲಿ ಶರ್ಟ್ ಕೊಂಡೆ, ಒಂದು ಸೈಜ್ ದೊಡ್ಡದು. ಮೇ ತಿಂಗಳಲ್ಲಿ ಊರಿಗೆ ಹೋದಾಗ ಕೊಟ್ಟೆ. ಬೆಳಕಿಗೆ ಹಿಡಿದರು, ಒಳಮಗ್ಗಲು ತಿರುವಿ ಹೊಲಿಗೆ ನೋಡಿದರು, ಕಾಲರ್ ಎಳೆದು ಬಿಟ್ಟರು.

"ನಿನ್ನದಕ್ಕಿಂತ ಇದೇ ಚಲೋ ಐತಲ್ಲೋ. ಎಷ್ಟು?"

"ಎಂಟ್ನೂರು" ಎಂದು ಈ ಸಲ ನಿಜವನ್ನೇ ಹೇಳಿದೆ.

"ಅಲ್ಲೋ, ನಿನಗೆ ಆರ್ನೂರಕ್ಕೆ ಕೊಟ್ಟೋನು ಈಗ ಇನ್ನೂರು ಏರಿಸ್ಯಾನಲ್ಲ. ಸುಮ್ನೆ ಕೊಟ್ಟು ಬಂದ್ಯಾ? ಕೇಳಬಾರದೇನು?"